ಕಿವಿ ಬಂದ ಟಿವಿ

ಟಿವಿಗೆ ಬೈಯದ ಮನೆ ಹುಬ್ಬಳ್ಳಿಯಲ್ಲಿ ಯಾವುದಿದೆ ಹೇಳಿ? ಕ್ರಿಕೆಟ್ ಅಂಪೈರಿಗೆ ಬೈಯುವವರು, ಸುದ್ದಿ ಓದುವವನಿಗೆ ಬೈಯುವವರು, ಸೀರಿಯಲ್ಲಿನ ಸೊಸೆಗೆ ಬೈಯುವವರು, ಒಬ್ಬರಿಗಿಂತ ಒಬ್ಬರು ಜೋರು. ಇಷ್ಟು ವರ್ಷ ಬೈಸಿಕೊಂಡೂ ಟಿವಿ ತನ್ನ ಪಾಡಿಗೆ ತಾನಿತ್ತು, ಯಾಕೆಂದರೆ ಅದಕ್ಕೆ ಕಿವಿ ಇರಲಿಲ್ಲ. ಒಂದು ದಿನ ಅದಕ್ಕೆ ಕಿವಿ ಬಂದರೆ? ಬಂದದ್ದಷ್ಟೇ ಅಲ್ಲ, ಬೈಸಿಕೊಂಡದ್ದನ್ನು ಅದು ಮನಸ್ಸಿಗೆ ಹಚ್ಚಿಕೊಂಡರೆ? ಬಂತು, ಹಚ್ಚಿಕೊಂಡಿತು. ಆಗ ದಾನವ್ವನ ಪಡಸಾಲೆಯಲ್ಲಿ ಏನೇನಾಯಿತು ಎಂಬುದನ್ನು ಹೇಳುತ್ತೇನೆ.

ಆ ಹೊತ್ತಿಗಾಗಲೇ ಟಿವಿ ಬೇರೆ, ಕಂಪ್ಯೂಟರ್ ಬೇರೆ ಎನ್ನುವ ಕಾಲ ಮುಗಿದಿತ್ತು. ಪಡಸಾಲೆಯ ಗೋಡೆಗೆ ಬಾಗಿಲಗಲದ ಒಂದೇ ಪರದೆ. ಕರೆಂಟ್ ಬಿಲ್ಲು ಕಟ್ಟುವುದು ಅದರಲ್ಲೇ, ಡಾಕ್ಟರಿಗೆ ನಾಲಿಗೆ ತೋರಿಸುವುದು ಅದರಲ್ಲೇ, ಸಂಜೆ ಏಳಕ್ಕೆ ಸೀರಿಯಲ್ ನೋಡುವುದೂ ಅದರಲ್ಲೇ. ಕೀಲಿಮಣೆ, ರಿಮೋಟು ಎಲ್ಲ ಅಟ್ಟ ಸೇರಿದ್ದವು. ಏನು ಬೇಕಿದ್ದರೂ ಬಾಯಿಬಿಟ್ಟು ಹೇಳಿದರಾಯಿತು. ಅಪ್ಪಣೆಯಷ್ಟೇ ಅದಕ್ಕೆ ತಿಳಿಯುತ್ತಿತ್ತು, ಬೈಗುಳ ತಿಳಿಯುತ್ತಿರಲಿಲ್ಲ. ಕಂಪನಿಯವರು ಅದಕ್ಕೆ ‘ಸಂಗಾತಿ’ ಎಂದು ಚಂದದ ಹೆಸರಿಟ್ಟಿದ್ದರು. ಜನ ಮಾತ್ರ ಟಿವಿ ಎಂದೇ ಕರೆದರು.

ಆ ಕಂಪನಿಯ ಇಂಜಿನಿಯರ್ ಇಂದುಮತಿ ದಾನವ್ವನ ಒಬ್ಬಳೇ ಮಗಳು. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ದಾನವ್ವ ದುರ್ಗದಬೈಲಿನಲ್ಲಿ ಬಳೆ ಅಂಗಡಿ ನಡೆಸಿದವಳು, ಆಕೆಯ ಬಾಯಿ ಇಡೀ ಬಜಾರಿಗೇ ಗೊತ್ತು. ಕೈಗೆ ಬಳೆ ಏರಿಸುತ್ತಲೇ ಆ ಕೈಯವಳ ಸಂಸಾರದ ಸುದ್ದಿಯನ್ನೆಲ್ಲ ಹೊರಡಿಸಿ, ಕೇಳಿದಷ್ಟು ಬುದ್ಧಿ ಹೇಳಿ, ಕೇಳದಿದ್ದರೂ ಇನ್ನಷ್ಟು ಹೇಳಿ ಕಳಿಸುವಾಕೆ. ಅಂಥ ಬಾಯಿಗೆ ಬೀಗ ಬಿತ್ತು. ಒಂದು ಮುಂಜಾನೆ ಚಹಾ ಸೋಸುತ್ತಿದ್ದಾಗ ಲಕ್ವ ಹೊಡೆಯಿತು. ಕೈಕಾಲು ನಿಧಾನಕ್ಕೆ ಸುಧಾರಿಸಿದವು, ಮಾತು ಸುಧಾರಿಸಲಿಲ್ಲ. ಹೇಳಿದ್ದೆಲ್ಲ ತಿಳಿಯುತ್ತಿತ್ತು. ತಿರುಗಿ ಹೇಳಹೋದರೆ ಬಾಯಿ ತೆರೆದು, ತುಟಿ ನಡುಗಿ, ‘ಹಾಂ’ ಎನ್ನುವುದೊಂದೇ ಹೊರಗೆ ಬರುತ್ತಿತ್ತು. ಆಗ ಆಕೆ ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಕೂಡುತ್ತಿದ್ದಳು.

ಮಾತಿನ ಚಿಕಿತ್ಸೆಗೆ ಬರುತ್ತಿದ್ದವರು ಮೈಸೂರು ಕಡೆಯ ಡಾಕ್ಟರ್ ವೈಜಯಂತಿ. ಲೋಟ, ಬಾಚಣಿಗೆ, ಬಾಳೆಹಣ್ಣು ಅಂತ ಚಿತ್ರ ತೋರಿಸಿ “ಇದೇನಮ್ಮ?” ಎಂದು ಕೇಳುವರು. ದಾನವ್ವ ಬೆವರುತ್ತಿದ್ದಳೇ ಹೊರತು ಬಾಳೆಹಣ್ಣು ಬಾಯಿಗೆ ಬರಲಿಲ್ಲ.

ಹಾಗಿರುವಾಗ ಒಂದು ಸಂಜೆ ಪಕ್ಕದ ಮನೆಯ ಖಾತೂನ್‌ಬಿ ಬಂದು ಜೊತೆಗೆ ಕೂತಿದ್ದಳು. ಊರಿಗೆ ಊರೇ ನೋಡುತ್ತಿದ್ದ ‘ಮೂರು ಬಾಗಿಲ ಮನೆ’ ಸೀರಿಯಲ್ ನಡೆದಿತ್ತು. ಅದರಲ್ಲಿ ಮಂದಾಕಿನಿ ಅಂತ ಒಬ್ಬಳು ಹಿರೇ ಸೊಸೆ, ಮಹಾ ಕುತಂತ್ರಿ. ಅತ್ತೆ ಮಾಡಿಟ್ಟ ಪಾಯಸಕ್ಕೆ ಹಿಡಿ ಉಪ್ಪು ಸುರಿದು, ಸೆರಗಿನಲ್ಲಿ ಕೈ ಒರೆಸಿಕೊಂಡು ನಕ್ಕಳು.

“ಥೂ! ನಿನ್ನ ಬಾಯಾಗ ಮಣ್ಣ ಬೀಳ್ಲಿ!”

ಇಂದುಮತಿ ಅಡುಗೆಮನೆಯಿಂದ ಓಡಿಬಂದಳು. ಖಾತೂನ್‌ಬಿ ಬಾಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. “ಇಂದೂ, ನಾ ಅಲ್ಲವಾ. ನಿಮ್ಮವ್ವ ಅಂದ್ಲು!” ದಾನವ್ವನೂ ಬೆಚ್ಚಿಬಿದ್ದಿದ್ದಳು. ತನ್ನ ದನಿಯನ್ನು ತಾನೇ ಕೇಳಿ ತಿಂಗಳುಗಳಾಗಿದ್ದವು.

ಡಾಕ್ಟರ್ ವೈಜಯಂತಿ ಸುದ್ದಿ ಕೇಳಿ ಕುಣಿಯುವುದೊಂದು ಬಾಕಿ. “ನೋಡಿ ಇಂದುಮತಿ, ಹೊಸದಾಗಿ ವಾಕ್ಯ ಕಟ್ಟೋದು ಮಿದುಳಿನ ಎಡಭಾಗದ ಕೆಲಸ. ನಿಮ್ಮ ತಾಯಿಗೆ ಪೆಟ್ಟು ಬಿದ್ದಿರೋದು ಅಲ್ಲೇ. ಬೈಗುಳ ಹಂಗಲ್ಲ, ಅದನ್ನ ಯಾರೂ ಯೋಚನೆ ಮಾಡಿ ಕಟ್ಟಲ್ಲ, ರೂಢಿಯಿಂದ ತಾನಾಗೇ ಬಂದ್ಬಿಡುತ್ತೆ. ಅದಕ್ಕೆ ಬಲಭಾಗದ ಆಸರೆ ಉಂಟು. ಅಲ್ಲಿಂದಲೇ ಮಾತಿಗೆ ಒಂದು ಹೊಸ ದಾರಿ ಬೀಳಬಹುದು. ಆದರೆ ಈ ಮೊದಲನೇ ವರ್ಷ ಬಿದ್ದರೆ ಬಿತ್ತು, ಆಮೇಲೆ ಬಹಳ ಕಷ್ಟ. ಬೈಲಿ ಬಿಡಿ. ಎಷ್ಟು ಬೇಕಾದ್ರೂ ಬೈಲಿ!”

ಬೈಗುಳವನ್ನು ಔಷಧಿ ಅಂತ ಬರೆದುಕೊಟ್ಟ ಡಾಕ್ಟರನ್ನು ಹುಬ್ಬಳ್ಳಿ ಅಲ್ಲಿಯವರೆಗೆ ಕಂಡಿರಲಿಲ್ಲ. ದಾನವ್ವ ಪಥ್ಯ ತಪ್ಪಿಸಲಿಲ್ಲ. ಸಂಜೆ ಏಳಾಯಿತೆಂದರೆ ಖಾತೂನ್‌ಬಿ ಒಂದು ಕಡೆ, ಈಕೆ ಒಂದು ಕಡೆ, ನಡುವೆ ಚುರುಮರಿಯ ಪರಾತ. ಮಂದಾಕಿನಿ ಒಂದು ಕಿತಾಪತಿ ಮಾಡಿದರೆ ಇತ್ತಲಿಂದ ಎರಡು ಬೈಗುಳ. ಬರುಬರುತ್ತಾ ‘ಥೂ’ ಹೋಗಿ ‘ಥೂ, ಮಂದಾಕಿನಿ’ ಆಯಿತು, ಆಮೇಲೆ ‘ಮಂದಾಕಿನಿ, ಬ್ಯಾಡ’ ಆಯಿತು. ಆ ‘ಬ್ಯಾಡ’ ಬೈಗುಳ ಅಲ್ಲ, ಸ್ವಂತದ ಮಾತು. ಅದನ್ನು ಕೇಳಿದ ದಿನ ಇಂದುಮತಿಗೆ ಊಟ ಸೇರಲಿಲ್ಲ, ಅಷ್ಟು ಖುಷಿ.

ಇತ್ತ ಕಂಪನಿಯಲ್ಲಿ ಟಿವಿಗೆ ಹೊಸ ಕಿವಿ ತಯಾರಾಗುತ್ತಿತ್ತು. ಆಗಿನ ಸೀರಿಯಲ್ಲುಗಳನ್ನು ದಿನಾ ಚಿತ್ರೀಕರಿಸುತ್ತಿರಲಿಲ್ಲ. ನಟನಟಿಯರ ಮುಖ, ದನಿ, ನಡಿಗೆಯನ್ನು ಒಮ್ಮೆ ತುಂಬಿಸಿಕೊಂಡು, ಕಥೆಗಾರರು ಬರೆದ ಎಳೆ ಹಿಡಿದು ಟಿವಿಯೊಳಗಿನ ಕಂಪ್ಯೂಟರೇ ಕಂತು ಹೊಸೆಯುತ್ತಿತ್ತು. ಹೇಗೂ ಮನೆಯಲ್ಲೇ ಹೊಸೆಯುವುದಾದರೆ ಆ ಮನೆಯವರಿಗೆ ಬೇಕಾದಂತೆಯೇ ಯಾಕೆ ಹೊಸೆಯಬಾರದು? ನೋಡುವವರ ಮಾತು ಕೇಳಿಸಿಕೊಂಡು, ಅವರಿಗೆ ಬೇಸರವಾದರೆ ಕಥೆಯನ್ನೇ ಬಗ್ಗಿಸಿಬಿಡುವುದು. ಇದೇ ಹೊಸ ಯೋಜನೆ.

ಬೇಸರ ಯಾವುದು, ಖುಷಿ ಯಾವುದು ಅಂತ ಟಿವಿಗೆ ಕಲಿಸುವ ಕೆಲಸ ಇಂದುಮತಿಯ ಪಾಲಿಗೆ ಬಂದಿತ್ತು. ಅದೇನು ಹುಡುಗಾಟದ ಕೆಲಸ ಅಂದುಕೊಳ್ಳಬೇಡಿ. ಹೊರಗಿನಿಂದ ತರಿಸಿದ ಮೊದಲಿನ ಕಿವಿ “ನಿನ್ನ ಹೆಣಾ ಎತ್ತಲಿ” ಅಂದರೆ ಶವವಾಹನದ ನಂಬರ್ ತೋರಿಸುತ್ತಿತ್ತು! ಇಂದುಮತಿ ಕೂತು ಹುಬ್ಬಳ್ಳಿಯ ಬೈಗುಳಗಳನ್ನೆಲ್ಲ ಒಂದೊಂದಾಗಿ ಅದಕ್ಕೆ ಕಲಿಸಿದಳು. ಯಾರು ಬೈದರು, ಯಾವ ಪಾತ್ರಕ್ಕೆ ಬೈದರು, ಎಷ್ಟು ಜೋರು ಎಂಬುದೆಲ್ಲ ಈಗ ಅದಕ್ಕೆ ತಿಳಿಯುತ್ತಿತ್ತು. ಮನೆಯ ಮಾತು ಮನೆ ಬಿಟ್ಟು ಹೊರಗೆ ಹೋಗಕೂಡದು ಎಂಬ ಕಾಯಿದೆ ಇದ್ದುದರಿಂದ ಕಂಪನಿಯ ಕಂಟ್ರೋಲ್ ರೂಮಿಗೆ ಬರುತ್ತಿದ್ದದ್ದು ಬಣ್ಣ ಮಾತ್ರ. ಬೈಗುಳ ಬಿದ್ದರೆ ಆ ಮನೆ ಕೆಂಪು. ಇಲ್ಲದಿದ್ದರೆ ಹಸಿರು. ಕೆಂಪು ಮನೆಯನ್ನು ಹಸಿರು ಮಾಡುವವರೆಗೆ ಟಿವಿ ಕಥೆಯನ್ನು ಬಗ್ಗಿಸುತ್ತಲೇ ಇರುತ್ತಿತ್ತು.

“ಭಾರೀ ಆತು ಮೇಡಂ!” ಎಂದರು ಕಂಟ್ರೋಲ್ ರೂಮಿನ ಮುಖ್ಯಸ್ಥ ಮೆಹರವಾಡೆ. ಮೊದಲು ಪರೀಕ್ಷೆಗೆ ಕೆಲವು ಓಣಿ ಆರಿಸಬೇಕಿತ್ತು. ಇಂದುಮತಿ ಉಬ್ಬಿಹೋಗಿ ತನ್ನ ಓಣಿಯ ಹೆಸರನ್ನೇ ಕೊಟ್ಟಳು. ಓಣಿಯವರೆಲ್ಲ ಒಪ್ಪಿಗೆ ಕೊಟ್ಟರು.

ಮಂದಾಕಿನಿ ಒಂದೇ ವಾರದಲ್ಲಿ ಸುಧಾರಿಸಿದಳು. ಬೈಗುಳ ಬಿದ್ದಂತೆಲ್ಲ ಟಿವಿ ಆಕೆಯ ಕೆಟ್ಟತನವನ್ನು ಸ್ವಲ್ಪ ಸ್ವಲ್ಪವೇ ಕೆತ್ತಿ ತೆಗೆಯಿತು. ಉಪ್ಪು ಸುರಿಯುತ್ತಿದ್ದವಳು ಸಕ್ಕರೆ ಹಾಕತೊಡಗಿದಳು. ಅತ್ತೆಯ ಕಾಲು ಒತ್ತಿದಳು. ದಾನವ್ವ ಮೊದಮೊದಲು ಕಣ್ಣರಳಿಸಿ ನೋಡಿದಳು, ನಕ್ಕಳು. ಮರುವಾರ ಬರೀ ನೋಡಿದಳು. ಆಮೇಲೆ ತಲೆಯಾಡಿಸಿ ‘ಹಾಂ’ ಎಂದಳು.

ಖಾತೂನ್‌ಬಿಯ ಮನೆಯಲ್ಲಿ ಕಥೆ ಬೇರೆಯೇ ದಾರಿ ಹಿಡಿದಿತ್ತು. “ನಮ್ಮನ್ಯಾಗ ಆಕಿ ಸತ್ತಾಳವಾ,” ಎಂದಳು ಒಂದು ದಿನ. “ನಮ್ಮ ಮನಿಯವರು ಬಾಳ ಬೈದ್ರು, ಅದಕ್ಕ ಟಿವಿ ಆಕಿನ್ನ ಬಾವ್ಯಾಗ ಕೆಡವಿತು. ಮೂಲಿಮನಿ ಗೌರಕ್ಕನ ಮನ್ಯಾಗ ಪೊಲೀಸ್ ಆಗ್ಯಾಳಂತ. ಇನ್ನ ಕೂಡಿ ಏನ್ ನೋಡೂದು, ಏನ್ ಮಾತಾಡೂದು?” ಅವಳು ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು.

ಕಂಟ್ರೋಲ್ ರೂಮಿನ ನಕ್ಷೆಯಲ್ಲಿ ದಾನವ್ವನ ಮನೆ ಗಿಣಿಯಂಥ ಹಸಿರಾಗಿತ್ತು. ಅದನ್ನು ನೋಡಿದಾಗಲೆಲ್ಲ ಇಂದುಮತಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಅವ್ವ ಅಂತೂ ನೆಮ್ಮದಿಯಾಗಿದ್ದಾಳೆ ಅಂದುಕೊಂಡಳು. ಪರೀಕ್ಷೆಯ ಗಡಿಬಿಡಿಯಲ್ಲಿ ಅವಳು ಮನೆ ಸೇರುವ ಹೊತ್ತಿಗೆ ದಾನವ್ವ ಮಲಗಿರುತ್ತಿದ್ದಳು.

ಆ ತಿಂಗಳ ತಪಾಸಣೆಗೆ ಬಂದ ಡಾಕ್ಟರ್ ವೈಜಯಂತಿ ಪರದೆಯ ಮುಂದೆ ದಾನವ್ವನನ್ನು ಕೂರಿಸಿಕೊಂಡು ಬಹಳ ಹೊತ್ತು ಪ್ರಯತ್ನಿಸಿದರು. ‘ಬ್ಯಾಡ’ ಇರಲಿಲ್ಲ. ‘ಥೂ’ ಕೂಡ ಇರಲಿಲ್ಲ. ಅವರು ಇಂದುಮತಿಯನ್ನು ಹಿತ್ತಲಿಗೆ ಕರೆದರು.

“ಏನು ಮಾಡಿದ್ರಿ? ದಾರಿ ಬೀಳ್ತಾ ಇತ್ತು, ಅದು ಮುಚ್ಚಿಹೋಗ್ತಾ ಇದೆ. ಇಷ್ಟು ದಿನ ಮಾತಾಡ್ತಿದ್ದೋರು ಯಾಕೆ ನಿಲ್ಲಿಸಿದ್ರು? ಹೀಗೇ ಇನ್ನೆರಡು ತಿಂಗಳು ಕಳೆದರೆ ನಾನು ಏನೂ ಭರವಸೆ ಕೊಡೋಕಾಗಲ್ಲ.”

ಇಂದುಮತಿ ಆ ಸಂಜೆ ಬೇಗ ಕೆಲಸ ಬಿಟ್ಟು ಬಂದು ತಾಯಿಯ ಪಕ್ಕದಲ್ಲೇ ಕೂತಳು. ಪರದೆಯ ಮೇಲೆ ಮಂದಾಕಿನಿ ಅತ್ತೆಗೆ ಬಾದಾಮಿ ಹಾಲು ತಂದುಕೊಟ್ಟಳು. ದಾನವ್ವನ ತುಟಿ ಅಲುಗಿತು. ಏನೋ ಮೇಲೆದ್ದು ಬಂದು ಗಂಟಲಲ್ಲಿ ನಿಂತಿತು. ಬೈಯಲು ಏನಾದರೂ ಸಿಗುತ್ತದೇನೋ ಅಂತ ಆಕೆ ಪರದೆಯ ಮೂಲೆಮೂಲೆ ಹುಡುಕಿದಳು. ಏನೂ ಸಿಗಲಿಲ್ಲ. ತುಟಿ ಮುಚ್ಚಿಕೊಂಡಳು. ಆಮೇಲೆ ಎದ್ದು ಒಳಗೆ ಹೋಗಿ ಮಲಗಿಬಿಟ್ಟಳು.

ಟಿವಿ ಅದನ್ನೂ ಹಸಿರು ಎಂದೇ ಎಣಿಸಿತ್ತು. ಬೈಗುಳ ಬೀಳಲಿಲ್ಲವಲ್ಲ!

ಅಯ್ಯೋ ನನ್ನ ಬುದ್ಧಿಗಿಷ್ಟು, ಎಂದು ಇಂದುಮತಿ ಹಣೆ ಚಚ್ಚಿಕೊಂಡಳು. ಈ ಊರಲ್ಲೇ ಹುಟ್ಟಿ, ಇದೇ ಬೈಗುಳ ತಿಂದು ಬೆಳೆದವಳು, ಒಂದೊಂದು ಬೈಗುಳವನ್ನೂ ಟಿವಿಗೆ ಬಾಯಿಪಾಠ ಮಾಡಿಸಿದವಳು, ಬೈಗುಳವೇ ಅವ್ವನ ಔಷಧಿ ಎಂಬುದನ್ನೂ, ಇಲ್ಲಿ ಜನ ಬೈಯುವುದು ಯಾಕೆ ಎಂಬುದನ್ನೂ ಮರೆತುಬಿಟ್ಟಿದ್ದಳು. ಬೇಸರವಾದರೆ ಹುಬ್ಬಳ್ಳಿಯವರು ಎದ್ದು ಹೋಗುತ್ತಾರೆ. ಬೈಯುತ್ತಾ ಕೂತಿದ್ದಾರೆಂದರೆ ಮೈಮರೆತು ಕೂತಿದ್ದಾರೆ ಎಂದರ್ಥ.

ಆಗ ಅವಳಿಗೆ ಇನ್ನೊಂದು ಅನುಮಾನ ಹೊಳೆಯಿತು. ಚಪ್ಪಲಿ ಮೆಟ್ಟಿಕೊಂಡು ಓಣಿಗೆ ಇಳಿದಳು. ಸೀರಿಯಲ್ ಇನ್ನೂ ನಡೆದಿತ್ತು. ಖಾತೂನ್‌ಬಿಯ ಮನೆಯ ಕಿಟಕಿಯಲ್ಲಿ ಇಣುಕಿದರೆ ಪರದೆ ಝಗಝಗ, ಪಡಸಾಲೆಯಲ್ಲಿ ನರಪಿಳ್ಳೆ ಇಲ್ಲ. ಗೌರಕ್ಕನ ಮನೆಯಲ್ಲಿ ಪೊಲೀಸ್ ಮಂದಾಕಿನಿ ಕಳ್ಳನನ್ನು ಅಟ್ಟುತ್ತಿದ್ದಳು, ಸೋಫಾದ ಮೇಲೆ ಬೆಕ್ಕು ಮಲಗಿತ್ತು. ಮುಂದಿನ ಮನೆಯಲ್ಲಿ ಬೆಕ್ಕೂ ಇರಲಿಲ್ಲ. ಆಚೆ ಮನೆಯಲ್ಲಿ ಒಬ್ಬ ಮುದುಕ ಗೊರಕೆ ಹೊಡೆಯುತ್ತಿದ್ದ. ಇಂದುಮತಿ ಅಲ್ಲೇ ನಿಂತು ಮೆಹರವಾಡೆಗೆ ಫೋನ್ ಹಚ್ಚಿದಳು.

“ಸರ್, ನಮ್ಮ ಓಣಿ ಈಗ ಯಾವ ಬಣ್ಣ ಐತ್ರಿ?”

“ಪೂರಾ ಹಸಿರ, ಮೇಡಂ! ಒಂದ ಒಂದ ಕೆಂಪ ಚುಕ್ಕಿ ಇಲ್ಲ. ನಿಮ್ಮ ಓಣಿನ ನೋಡ್ಕೋತನ ಕುಂತೇನಿ, ಕಣ್ಣ ತುಂಬಿ ಬರತೈತಿ.”

“ಹಂಗಾರ ಒಮ್ಮೆ ಇಲ್ಲಿಗೆ ಬಂದು ಕಣ್ಣ ತುಂಬಿಸಿಕೊಳ್ರಿ. ಈಗ ಬರ್ರಿ. ಇನ್ನ ಅರ್ಧ ತಾಸು ಟಿವಿ ನಡೀತೈತಿ.”

ಮೆಹರವಾಡೆ ಸ್ಕೂಟರ್ ಏರಿ ಬಂದರು. ಇಂದುಮತಿ ಅವರನ್ನು ಒಂದೊಂದೇ ಕಿಟಕಿಗೆ ಕರೆದೊಯ್ದಳು. ಮೊದಲ ಮನೆಯಲ್ಲಿ ಅವರು ನಕ್ಕರು. ಎರಡನೆಯದರಲ್ಲಿ ಕನ್ನಡಕ ಒರೆಸಿಕೊಂಡರು. ಕೊನೆಗೆ ಬೆಕ್ಕಿನ ಮನೆಗೆ ಬರುವ ಹೊತ್ತಿಗೆ ನಗು ಇರಲಿಲ್ಲ.

“ಮಂದಿ ಎಲ್ಲೆದಾರ?” ಎಂದರು.

“ಅವರವರ ಪಾಡಿಗೆ ಒಳಗ ಮಲ್ಕೊಂಡಾರ್ರಿ. ಖಾಲಿ ಕುರ್ಚಿ ಯಾರಿಗೂ ಬೈಯೂದಿಲ್ಲ ನೋಡ್ರಿ, ಅದಕ್ಕ ಅದು ಹಸಿರು.”

ಮೆಹರವಾಡೆ ಗೌರಕ್ಕನ ಕಟ್ಟೆಯ ಮೇಲೆ ಕುಕ್ಕರಿಸಿದರು. “ಆದ್ರ ಮೇಡಂ, ಬೈಸಿಕೊಳ್ಳೂದನ್ನ ಮ್ಯಾಲಿನವರಿಗೆ ಹೆಂಗ ಮಾರ್ಲಿ? ನಮ್ಮ ಪ್ರೋಗ್ರಾಂ ನೋಡಿ ಜನ ಹೆಣಾ ಎತ್ತಲಿ ಅಂತಾರ, ಬಾಳ ಚಲೋ ಐತಿ ಅಂತ ಹೇಳ್ಲೇನು?”

“ನಿಮ್ಮ ಮನ್ಯಾಗ ಯಾರೂ ಟಿವಿಗೆ ಬೈಯೂದಿಲ್ಲೇನ್ರಿ?”

“ನಮ್ಮಪ್ಪ ಬೈತಿದ್ದ. ಕ್ರಿಕೆಟ್ ಇದ್ದಾಗ. ಓಣಿ ತುದೀಗೆ ಕೇಳಸ್ತಿತ್ತು.” ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಮ್ಯಾಚ್ ಇಲ್ಲದ ದಿನ ಮನ್ಯಾಗ ಮಾತಿಲ್ಲ ಕಥಿಯಿಲ್ಲ. ನಾವು ಅಪ್ಪನ ಕೂಡ ಕೂತು ನಕ್ಕದ್ದು ಆವಾಗಷ್ಟ.”

ಇಂದುಮತಿ ಆಗ ತನ್ನ ತಾಯಿಯ ಸಂಗತಿ ಹೇಳಿದಳು. ನಾಚಿಕೆಪಡಲಿಲ್ಲ, ಓಣಿಯಲ್ಲೇ ಅತ್ತಳು. ಮೆಹರವಾಡೆ ಕಟ್ಟೆ ಬಿಟ್ಟು ಎದ್ದು ನಿಂತರು. “ಈ ಒಂದ ಓಣಿ ನಿಮಗ ಬಿಟ್ಟೆ. ಏನ್ ಬೇಕಾದ್ದು ಮಾಡ್ರಿ. ಆಮ್ಯಾಲೆ ಉಳಿದದ್ದು ನೋಡೂಣು,” ಎಂದರು.

ಇಂದುಮತಿ ಮಾಡಿದ್ದು ಎರಡೇ ಕೆಲಸ. ಮೊದಲನೆಯದಾಗಿ, ಓಣಿಗೆಲ್ಲ ಒಂದೇ ಕಥೆ. ಸತ್ತವಳೂ ಇಲ್ಲ, ಪೊಲೀಸೂ ಇಲ್ಲ, ಎಲ್ಲರ ಮನೆಯಲ್ಲೂ ಅದೇ ಹಳೇ ಕೆಟ್ಟ ಮಂದಾಕಿನಿ. ಎರಡನೆಯದು ಸ್ವಲ್ಪ ಸಾಹಸದ್ದು. ಟಿವಿಗೆ ಕಿವಿ ಹೇಗೂ ಬಂದಿದೆ, ಅದನ್ನು ಕಿತ್ತು ಹಾಕುವುದೇಕೆ? ಬೈಸಿಕೊಂಡ ಮಂದಾಕಿನಿ ಸುಧಾರಿಸಕೂಡದು, ತಿರುಗಿ ಬೀಳಬೇಕು. ಬೈದವರ ಕಡೆಗೇ ಮುಖ ಮಾಡಿ ಜಗಳಕ್ಕೆ ನಿಲ್ಲಬೇಕು. ಎದುರಿನವರು ಉತ್ತರ ಹೇಳುವವರೆಗೆ ಕಥೆ ಮುಂದೆ ಸರಿಯಕೂಡದು.

“ಎಷ್ಟು ಹೊತ್ತು ಕಾಯಬೇಕು ಅಂತ ಹಾಕೂದ್ರಿ?” ಎಂದು ಲ್ಯಾಬಿನ ಹುಡುಗಿಯೊಬ್ಬಳು ಕೇಳಿದಳು. ಪರದೆ ಸುಮ್ಮನೆ ನಿಂತರೆ ಜನ ಕೆಟ್ಟುಹೋಯಿತೆಂದು ಆಫ್ ಮಾಡುತ್ತಾರೆ ಎಂಬುದು ಲ್ಯಾಬಿನವರಿಗೆಲ್ಲ ಗೊತ್ತಿದ್ದ ಮಾತು.

“ಏನೂ ಹಾಕಬ್ಯಾಡ. ಮಾತು ಬರೂತನಕ ಕಾಯ್ಲಿ.”

ಹೊಸ ಕಂತಿನ ದಿನ ಇಂದುಮತಿ ತಾನೇ ಹೋಗಿ ಖಾತೂನ್‌ಬಿಯನ್ನು ಕರೆತಂದಳು. “ಚಾಚಿ, ಎಲ್ಲಾರ ಮನ್ಯಾಗೂ ಈಗ ಅದ ಹಲ್ಕಟ್ ಮಂದಾಕಿನಿ ಬಂದಾಳ. ಬರ್ರಿ.” ಖಾತೂನ್‌ಬಿ ಚುರುಮರಿ ಡಬ್ಬ ಎತ್ತಿಕೊಂಡು ಹೊರಟಳು. ದಾನವ್ವ ಮಾತ್ರ ಒಲ್ಲೆನೆನ್ನುವಂತೆ ಕೈ ಆಡಿಸಿದಳು. ಇಬ್ಬರೂ ಸೇರಿ ಹಿಡಿದು ಕೂರಿಸಬೇಕಾಯಿತು.

ಪರದೆಯ ಮೇಲೆ ಅತ್ತೆ ದೇವರ ಮನೆಯಲ್ಲಿದ್ದಳು. ಮಂದಾಕಿನಿ ಬೆಕ್ಕಿನ ಹೆಜ್ಜೆಯಿಟ್ಟು ಬಂದು, ಅತ್ತೆಯ ಚಾಳೀಸು ಕನ್ನಡಕ ಎತ್ತಿಕೊಂಡು, ಅಕ್ಕಿ ಡಬ್ಬಿಯೊಳಗೆ ಮೊಣಕೈತನಕ ಕೈ ಹಾಕಿ ಹುಗಿದಿಟ್ಟಳು. ದಾನವ್ವ ನೆಟ್ಟಗೆ ಕೂತಳು. ಮುದುಕಿ ಗೋಡೆ ತಡವುತ್ತಾ “ನನ್ನ ಚಾಳೀಸು ಎಲ್ಲೈತಿ?” ಎಂದು ಕೇಳಿದಳು. ಮಂದಾಕಿನಿ “ನನಗೇನ ಗೊತ್ತು ಅತ್ತಿ?” ಎಂದು ನಕ್ಕಳು.

“ಥೂ! ನಿನ್ನ ಹೆಣಾ ಎತ್ತಲಿ!”

ಬಂತು! ಖಾತೂನ್‌ಬಿ ಇಂದುಮತಿಯ ಮೊಣಕೈ ಹಿಡಿದುಕೊಂಡಳು. ಮಂದಾಕಿನಿಯ ನಗು ನಿಂತಿತು. ಆಕೆ ನಿಧಾನಕ್ಕೆ ಈ ಕಡೆ ತಿರುಗಿ, ಸೊಂಟದ ಮೇಲೆ ಕೈಯಿಟ್ಟು, ನೇರ ದಾನವ್ವನನ್ನೇ ನೋಡಿದಳು.

“ಯಾರದು ನನಗ ಥೂ ಅಂದದ್ದು? ನೀವೇನವಾ? ಸುಳ್ಳ ಸುಳ್ಳ ಬೈದ್ರ ನಾ ಕೇಳಾಕಿ ಅಲ್ಲ. ನಾ ಏನ್ ತಪ್ಪ ಮಾಡೇನಿ? ಹೇಳ್ರಿ ನೋಡೂಣು.”

ದಾನವ್ವ ಹಿಂದಕ್ಕೆ ಸರಿದಳು. ಮಗಳ ಮುಖ ನೋಡಿದಳು, ಖಾತೂನ್‌ಬಿಯ ಮುಖ ನೋಡಿದಳು. ಮತ್ತೆ ಪರದೆ ನೋಡಿದರೆ ಮಂದಾಕಿನಿ ಅಲ್ಲೇ ನಿಂತಿದ್ದಳು. “ಥೂ,” ಎಂದಳು ಈಕೆ.

“ಥೂ ಅಂದದ್ದು ಆತು. ತಪ್ಪೇನು ಅದನ್ನ ಹೇಳ್ರಿ.”

ಈಗ ರೂಢಿಯ ಬೈಗುಳ ಸಾಲುತ್ತಿರಲಿಲ್ಲ, ಮಾತೇ ಬೇಕಿತ್ತು. ದಾನವ್ವನ ಬಾಯಿ ತೆರೆಯಿತು, ಮುಚ್ಚಿತು. ಕುತ್ತಿಗೆಯ ನರ ಉಬ್ಬಿದವು. ಇಂದುಮತಿಗೆ ತಾಳಲಾಗಲಿಲ್ಲ. ಟಿವಿಗೆ ಸಾಕು ಎನ್ನೋಣವೆಂದು ಎರಡು ಸಲ ನಾಲಿಗೆ ತುದಿಗೆ ಬಂತು, ಎರಡು ಸಲ ನುಂಗಿಕೊಂಡಳು. ಖಾತೂನ್‌ಬಿ ಹೇಳಿಕೊಡಲು ಬಾಯಿ ತೆರೆದಾಗ ಅವಳ ಬಾಯಿ ಮುಚ್ಚಿದಳು. ಮಂದಾಕಿನಿ ಸೊಂಟದ ಮೇಲೆ ಕೈಯಿಟ್ಟುಕೊಂಡೇ ಕಾಯುತ್ತಿದ್ದಳು. ಹೊರಗೆ ಓಣಿಯಲ್ಲಿ ಗೌರಕ್ಕ ತನ್ನ ಮನೆಯ ಮಂದಾಕಿನಿಯನ್ನು ಉಗಿಯುವುದು ಕೇಳುತ್ತಿತ್ತು.

“ಚಾ,” ಎಂದಳು ದಾನವ್ವ.

ಯಾರೂ ಅಲುಗಲಿಲ್ಲ.

“ಚಾ... ಚಾಳೀಸು. ಅಕ್ಕ್ಯಾಗ.” ಆಕೆ ಮುಂದಕ್ಕೆ ಬಾಗಿ ಪರದೆಗೆ ಬೆರಳು ಚುಚ್ಚಿದಳು. “ನೀ ಇಟ್ಟಿ. ಅತ್ತಿ ಚಾಳೀಸು... ಅಕ್ಕ್ಯಾಗ ಇಟ್ಟಿ. ನೀನ! ನಾ ನೋಡೇನಿ!”

ಅದನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಯಾವ ಕಾಲದ ರೂಢಿಯೂ ಅದರಲ್ಲಿರಲಿಲ್ಲ. ಕಣ್ಣಾರೆ ಕಂಡದ್ದನ್ನು ದಾನವ್ವ ಪದಕ್ಕೆ ಪದ ಕೂಡಿಸಿ, ಈ ಹೊತ್ತಿಗೆ, ಈ ಪಡಸಾಲೆಯಲ್ಲಿ, ತಾನೇ ಕಟ್ಟಿ ಹೇಳಿದ್ದಳು. ಪರದೆಯ ಮೇಲೆ ಮಂದಾಕಿನಿ ಸಿಕ್ಕಿಬಿದ್ದವರ ಹಾಗೆ ತೊದಲತೊಡಗಿದಳು. ಒಳಗಿನಿಂದ ಅತ್ತೆ “ಏನಂದಿ? ಅಕ್ಕಿ ಡಬ್ಬ್ಯಾಗ?” ಎನ್ನುತ್ತಾ ಬರುತ್ತಿದ್ದಳು.

ಖಾತೂನ್‌ಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ಇಂದುಮತಿ “ಅವ್ವಾ! ನನ್ನವ್ವಾ!” ಎಂದು ಓಡಿಹೋಗಿ ತಾಯಿಯ ಮುಂದೆ ಮೊಣಕಾಲೂರಿ, ಆಕೆಯ ಎರಡೂ ಕೆನ್ನೆ ಹಿಡಿದುಕೊಂಡಳು. ಕಣ್ಣೀರು ಧಾರೆ ಧಾರೆ ಇಳಿಯುತ್ತಿತ್ತು. ಇಷ್ಟು ತಿಂಗಳು ಕಾದ ಮಾತು ಬಂದಿತ್ತು, ತಾಯಿ ಈಗ ತನಗೂ ಒಂದು ಮಾತು ಹೇಳಲಿ ಎಂದು ಅವಳ ಜೀವ ಹಾತೊರೆಯುತ್ತಿತ್ತು.

ದಾನವ್ವ ಹೇಳಿದಳು. ಕುತ್ತಿಗೆ ಎಡಕ್ಕೆ ಬಾಗಿಸಿದಳು, ಬಲಕ್ಕೆ ಬಾಗಿಸಿದಳು, ಆಮೇಲೆ ಮಗಳ ಭುಜ ಹಿಡಿದು ಒಂದು ಬದಿಗೆ ನೂಕಿದಳು.

“ಸರಿ ಆಕಡೆ,” ಎಂದಳು. “ಟಿವಿ ಕಾಣವಲ್ದು.”